ಕಲಂ ಹದಿನಾಲ್ಕರಲ್ಲಿ ನಾನು ಬರೆದ ಮದುವೆ

ರಫ್ತು ಪರವಾನಗಿ ನೀಡುವ ಅಧಿಕಾರಿಗಳಿಗೆ,

ನನ್ನ ಸುಳ್ಳನ್ನು ಮೆಚ್ಚಿಕೊಂಡ ಮಾನ್ಯರೇ,

ನಾನು ನಿಮಗೆ ಸುಳ್ಳು ಹೇಳಿದ್ದೆ, ನೀವು ನಂಬಿದಿರಿ. ಬರೀ ನಂಬಿದ್ದರೆ ಇಬ್ಬರೂ ಹೇಗೋ ಮುಖ ಮುಚ್ಚಿಕೊಂಡು ಓಡಾಡಬಹುದಿತ್ತು. ಆದರೆ ನೀವು ಆ ಸುಳ್ಳನ್ನು ನಿಮ್ಮ ಇಲಾಖೆಯ ಜಾಲತಾಣದಲ್ಲಿ ‘ಕಲಂ ಹದಿನಾಲ್ಕನ್ನು ಹೀಗೆ ಭರ್ತಿ ಮಾಡಿ’ ಎಂಬ ತಲೆಬರಹ ಕೊಟ್ಟು, ಮಾದರಿ ಉತ್ತರವಾಗಿ ಹಾಕಿದ್ದೀರಿ. ಇವತ್ತು ಬೆಳಿಗ್ಗೆಯೂ ನೋಡಿದೆ, ಅಲ್ಲೇ ಇದೆ. ಅದನ್ನೇ ಒಂದು ಪದವೂ ಬಿಡದೆ ನಕಲು ಮಾಡಿದ ಇನ್ನೊಂದು ಅರ್ಜಿ ನಿಮ್ಮ ಕಚೇರಿಯಲ್ಲಿದೆ. ಒಂಬೈನೂರು ಡ್ರೋನ್ ಬೋರ್ಡುಗಳನ್ನು ಹೊರದೇಶಕ್ಕೆ ಕಳಿಸಲು ಅನುಮತಿ ಕೇಳುವ ಅರ್ಜಿ. ಬರುವ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಅದು ತಾನಾಗಿ ಮಂಜೂರಾಗುತ್ತದೆ. ಅದನ್ನು ತಡೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ. ಇದಕ್ಕೆ ಮುಂಚೆ ಮೂರು ಪತ್ರ ಬರೆದಿದ್ದೇನೆ. ‘ತಮ್ಮ ಪತ್ರ ಸ್ವೀಕೃತವಾಗಿದೆ’ ಎಂಬ ಉತ್ತರವೂ ಮೂರು ಬಂದಿವೆ. ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವವರ ಮುಖ ನೋಡಿ ಇಲ್ಲಿ ನನ್ನ ಹೆಸರು ಹಾಕಿಲ್ಲ. ನಿಮಗೆ ಕಳಿಸಿದ ಪ್ರತಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಇವೆ.

ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭವಿತ್ತು. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮ. ಕನ್ನಡದಲ್ಲಿ ದಿನಸಿ ಚೀಟಿಗಿಂತ ಉದ್ದದ್ದು ಬರೆದು ವರ್ಷಗಳಾದವು. ಆದರೆ ಆ ಸುಳ್ಳನ್ನು ಬರೆದದ್ದು ಇಂಗ್ಲಿಷಿನಲ್ಲಿ, ಬಲು ಚೆಂದದ ಇಂಗ್ಲಿಷಿನಲ್ಲಿ. ನಿಜವನ್ನಾದರೂ ನನ್ನ ಅತ್ತೆ ಓದಬಲ್ಲ ಭಾಷೆಯಲ್ಲಿ ಬರೆಯೋಣ ಎನಿಸಿತು. ಒತ್ತಕ್ಷರ ತಪ್ಪಿದ ಕಡೆಯಲ್ಲೆಲ್ಲ ಅವರೇ ಪೆನ್ಸಿಲಿನಲ್ಲಿ ತಿದ್ದಿಕೊಟ್ಟಿದ್ದಾರೆ. ಸಂಗತಿಯನ್ನು ಮಾತ್ರ ತಿದ್ದಿಲ್ಲ.

ನಾನು ಕೆಲಸ ಮಾಡುವುದು ಹದಿನಾಲ್ಕು ಜನರ ಒಂದು ಪುಟ್ಟ ಕಂಪನಿಯಲ್ಲಿ. ಕೆಳಗೆ ಬಾಗಿಲ ಹಿಡಿಕೆ ಮಾರುವ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು. ನಾವು ಮಾಡುವುದು ಡ್ರೋನಿನ ತಲೆ. ಎಂದರೆ, ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಬೋರ್ಡು. ಎಡಕ್ಕೆ ಹೋಗು, ಬಲಕ್ಕೆ ತಿರುಗು, ಇಲ್ಲೇ ನಿಲ್ಲು ಎಂದು ಡ್ರೋನಿಗೆ ಹೇಳುವುದು ಅದೇ. ನಮ್ಮ ಬೋರ್ಡಿಗೆ ಒಂದು ಹೆಚ್ಚುಗಾರಿಕೆ ಇದೆ. ದಾರಿ ತೋರಿಸುವ ಉಪಗ್ರಹದ ಸಂಕೇತವನ್ನು ಯಾರಾದರೂ ಅಡ್ಡಗಟ್ಟಿದರೂ ಅದು ಕಂಗೆಡುವುದಿಲ್ಲ. ತಾನು ಹೊರಟ ಜಾಗ, ತಿರುಗಿದ ತಿರುವು ಎಲ್ಲ ನೆನಪಿಟ್ಟುಕೊಂಡು ನಲವತ್ತು ಕಿಲೋಮೀಟರು ದೂರದ ಗುರಿಯನ್ನು ಹುಡುಕಿಕೊಂಡು ಹೋಗುತ್ತದೆ. ಈ ಹೆಚ್ಚುಗಾರಿಕೆ ಇರುವುದರಿಂದಲೇ ಅದು ನಿಮ್ಮ ಅನುಮತಿಯಿಲ್ಲದೆ ದೇಶದ ಗಡಿ ದಾಟುವಂತಿಲ್ಲ. ಕಾನೂನು ಒಳ್ಳೆಯದೇ. ಯಾರು ಕೊಳ್ಳುತ್ತಿದ್ದಾರೆ, ಯಾತಕ್ಕೆ ಕೊಳ್ಳುತ್ತಿದ್ದಾರೆ ಎಂದು ಕೇಳುವುದಕ್ಕೇ ಅದು ಇರುವುದು. ‘ಯಾತಕ್ಕೆ’ ಎಂದು ಕೇಳುವ ಜಾಗವೇ ಕಲಂ ಹದಿನಾಲ್ಕು. ಅದನ್ನು ತುಂಬುವುದು ನನ್ನ ಕೆಲಸ.

ಏಳು ತಿಂಗಳ ಹಿಂದೆ ನನ್ನ ಮದುವೆಯಾಯಿತು. ಮಾನ್ಯರೇ, ಕ್ಷಮಿಸಿ, ಈ ವಾಕ್ಯ ಬರೆಯುವಾಗ ಈಗಲೂ ನಗು ಬರುತ್ತದೆ. ಬರಬಾರದು, ಬರುತ್ತದೆ. ನನ್ನ ಗಂಡ ಅದೇ ಕಂಪನಿಯಲ್ಲಿ ಬೋರ್ಡುಗಳನ್ನು ಪರೀಕ್ಷಿಸುವವನು. ಎರಡು ವರ್ಷ ನಮ್ಮ ನಡುವೆ ಒಂದು ಗಾಜಿನ ಗೋಡೆ ಮಾತ್ರ ಇತ್ತು. ಬೋರ್ಡು ಪಾಸಾದರೆ ಅವನು ಹೆಬ್ಬೆರಳು ಎತ್ತುತ್ತಿದ್ದ, ನಾನು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ದಿನಕ್ಕೆ ಐವತ್ತು ಸಲ ಹೆಬ್ಬೆರಳು ಎತ್ತಿ ತೋರಿಸುವ ಗಂಡಸಿನ ಮೇಲೆ ಯಾರಿಗೆ ತಾನೇ ಮನಸ್ಸಾಗುವುದಿಲ್ಲ! ನಮ್ಮ ಮದುವೆಯನ್ನು ಡ್ರೋನಿನಿಂದ ಚಿತ್ರೀಕರಿಸಿದರು. ಅದು ತಲೆಯ ಮೇಲೆ ಇಳಿದಾಗ ಬೀಸಿದ ಗಾಳಿಗೆ ನನ್ನ ಮುಡಿಯ ಹೂವು ಹಾರಿ ಅವನ ಕನ್ನಡಕಕ್ಕೆ ಅಂಟಿಕೊಂಡಿತು. ಸೇರಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವಿಡಿಯೊ ನನ್ನ ಕೈಗೆ ಬಂದದ್ದು ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಬೆಳಿಗ್ಗೆ. ಮಧ್ಯಾಹ್ನದೊಳಗೆ ಹತ್ತು ಸಲ ನೋಡಿದ್ದೆ.

ಅದೇ ದಿನ ನನ್ನ ಮೇಜಿನ ಮೇಲೆ ಆರುನೂರು ಬೋರ್ಡುಗಳ ಕಡತ ಕಾದಿತ್ತು. ಕೊಳ್ಳುವವರು ದೂರದ ಒಂದು ಬಂದರಿನ ವ್ಯಾಪಾರಿ ಸಂಸ್ಥೆ. ಎಲ್ಲ ಕಲಂ ತುಂಬಿದ್ದರು, ಹದಿನಾಲ್ಕು ಮಾತ್ರ ಖಾಲಿ. ಏನು ಬರೆಯಲಿ ಎಂದು ಇಮೇಲ್ ಕಳಿಸಿದೆ. ‘ನಿಮಗೆ ಯಾವುದು ಅನುಕೂಲವೋ ಅದನ್ನೇ ಬರೆದುಕೊಳ್ಳಿ’ ಎಂದು ಉತ್ತರ ಬಂತು, ಕೊನೆಯಲ್ಲಿ ಒಂದು ನಗುಮುಖ. ಆ ಸಾಲು ಓದಿದಾಗ ಎದೆ ಧಸಕ್ಕೆನ್ನಬೇಕಿತ್ತು. ನಾನು ತಿರುಗಿ ಒಂದು ನಗುಮುಖ ಕಳಿಸಿದೆ.

“ಏನಾದ್ರೂ ಒಂದು ಹಾಕಿ ಕಳಿಸಮ್ಮ, ಇವತ್ತೇ ಹೋಗ್ಬೇಕು,” ಎಂದರು ನಮ್ಮ ಯಜಮಾನರು ಬಾಗಿಲಲ್ಲೇ ನಿಂತು.

ಏನಾದರೂ ಒಂದು. ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ ಒಂದು. ‘ನವದಂಪತಿಗಳ ಬದುಕಿನ ಅಮೂಲ್ಯ ಗಳಿಗೆಗಳನ್ನು ಆಕಾಶದಿಂದ ಸೆರೆಹಿಡಿದು, ಹುಟ್ಟಲಿರುವ ಮಕ್ಕಳಿಗೂ ಮೊಮ್ಮಕ್ಕಳಿಗೂ ಉಳಿಸಿಕೊಡುವ ಮದುವೆ ಚಿತ್ರೀಕರಣಕ್ಕಾಗಿ’ ಎಂದು ಬರೆದೆ. ಅಲ್ಲಿಗೂ ಬಿಡಲಿಲ್ಲ. ಮೇಲಿನಿಂದ ನೋಡಿದರೆ ನೆಂಟರಿಷ್ಟರೆಲ್ಲ ಚೆಲ್ಲಿದ ಹೂವಿನಂತೆ ಕಾಣುತ್ತಾರೆ ಎಂದೂ ಸೇರಿಸಿದೆ. ಇಡೀ ಪ್ಯಾರಾ ಆಯಿತು. ಕೆಳಗೆ ಸಹಿ ಮಾಡಿದೆ. ಮದುವೆಗೆ ಮುಂಚೆ ಒಂದು ನೋಟ್‌ಬುಕ್ಕಿನ ಹನ್ನೆರಡು ಪುಟ ತುಂಬ, ಗಂಡನ ಹೆಸರನ್ನು ನನ್ನ ಹೆಸರಿನ ಪಕ್ಕ ಕೂರಿಸಿ ಹೊಸ ಸಹಿ ಅಭ್ಯಾಸ ಮಾಡಿದ್ದೆ. ಕೊನೆಯ ಅಕ್ಷರದಿಂದ ಒಂದು ಬಳ್ಳಿ ಮೇಲೇರಿ ಸುತ್ತಿಕೊಳ್ಳುತ್ತದೆ. ಆ ಹೊಸ ಸಹಿಯನ್ನು ನಾನು ಮೊಟ್ಟಮೊದಲು ಹಾಕಿದ್ದು ಈ ಸುಳ್ಳಿನ ಕೆಳಗೆ. ಇದನ್ನು ನೆನೆದರೆ ಯಾರೂ ಇಲ್ಲದ ಕೋಣೆಯಲ್ಲೂ ಕಿವಿ ಬಿಸಿಯಾಗುತ್ತದೆ.

ನಾಲ್ಕನೆಯ ದಿನ ನಿಮ್ಮ ಕಚೇರಿಯಿಂದ ಆಕ್ಷೇಪಣೆ ಬಂತು. ಆ ಗಳಿಗೆಯಲ್ಲಿ ನೀವು ನನ್ನನ್ನು ಹಿಡಿದುಬಿಡಬಹುದಿತ್ತು. ಲಕೋಟೆ ಒಡೆದು ನೋಡಿದರೆ, ‘ಅರ್ಜಿದಾರರ ಸಹಿಯು ಚೌಕಟ್ಟಿನ ಮೇಲಿನ ಗೆರೆಗೆ ತಾಗಿದೆ. ಸರಿಪಡಿಸಿ ಮರುಸಲ್ಲಿಸತಕ್ಕದ್ದು.’ ನನ್ನ ಬಳ್ಳಿ, ಮಾನ್ಯರೇ! ಅದರ ತುದಿ ಕೂದಲೆಳೆಯಷ್ಟು ಗೆರೆ ಮುಟ್ಟಿತ್ತು. ಅಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಅದೇ ಹಾಳೆಯಲ್ಲಿ ಎರಡು ಅಂಗುಲ ಮೇಲಿದ್ದ ಮದುವೆಯನ್ನು ನೋಡಲಿಲ್ಲವೇ? ಯಾವ ಮದುವೆಯಲ್ಲಿ ವಧೂವರರು ಕ್ಯಾಮೆರಾದಿಂದ ನಲವತ್ತು ಕಿಲೋಮೀಟರು ಆಚೆ ನಿಂತಿರುತ್ತಾರೆ? ಯಾವ ಬೀಗರು ಎಷ್ಟೇ ಮುನಿಸಿಕೊಂಡರೂ ಉಪಗ್ರಹದ ಸಂಕೇತವನ್ನು ಅಡ್ಡಗಟ್ಟುತ್ತಾರೆ? ಆ ಬಂದರಿನಲ್ಲಿ ಇರುವುದು ಗೋದಾಮುಗಳು ಮತ್ತು ಗೋದಾಮು ಕಾಯುವವರು. ಅಲ್ಲಿ ಆರುನೂರು ಡ್ರೋನು ಹಾರಬೇಕಾದರೆ ಪ್ರತಿ ಕಾವಲುಗಾರನೂ ತಿಂಗಳಿಗೊಮ್ಮೆ ಮದುವೆಯಾಗಬೇಕು. ನಾನು ಸಹಿಯನ್ನು ತುಸು ಗಿಡ್ಡ ಮಾಡಿ ಕಳಿಸಿದೆ. ಹನ್ನೊಂದನೆಯ ದಿನ ಮಂಜೂರಾತಿ ಬಂತು. ಷರಾದಲ್ಲಿ ‘ವಿವರಣೆ ತೃಪ್ತಿಕರ’ ಎಂದಿತ್ತು. ನಾನು ಅದನ್ನು ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಅವನು ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದ.

ಆ ಹನ್ನೊಂದು ದಿನಗಳಲ್ಲಿ ಇನ್ನೊಂದು ನಡೆಯಿತು. ಪರೀಕ್ಷೆಯಲ್ಲಿ ಪಾಸಾದ ಪ್ರತಿ ಬೋರ್ಡಿಗೂ ಕಿರುಬೆರಳ ಉಗುರಿನಷ್ಟು ದುಂಡಗಿನ ಚೀಟಿ ಅಂಟಿಸಬೇಕು. ಪರೀಕ್ಷಿಸಿದವರು ಅದರ ಮೇಲೆ ತಮ್ಮ ಗುರುತು ಬರೆಯಬೇಕು. ಗಂಡನಿಗೆ ನೆರವಾಗುವ ನೆಪದಲ್ಲಿ ಮಧ್ಯಾಹ್ನದ ಹೊತ್ತು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಅವನು ನನ್ನನ್ನು ಗುಬ್ಬಿ ಎಂದು ಕರೆಯುತ್ತಾನೆ. ಅವನ ಗುರುತಿನ ಬದಲು ನಾನು ಆ ಚೀಟಿಗಳ ಮೇಲೆಲ್ಲ ಗುಬ್ಬಿ ಬರೆದೆ. ಒಂದು ಸುತ್ತು, ಒಂದು ಕೊಕ್ಕು, ಒಂದು ಕಾಲು. ಕಣ್ಣಿಗೆ ಒಂದು ಚುಕ್ಕೆ. ಎರಡನೆಯ ಕಾಲಿಗೆ ಜಾಗವಿರಲಿಲ್ಲ.

“ಕುಂಟು ಗುಬ್ಬಿ ಕಣೇ,” ಎಂದ.

“ಕುಂಟಲ್ಲ, ಇನ್ನೊಂದು ಕಾಲು ಹೊಟ್ಟೆಯೊಳಗೆ ಮಡಚ್ಕೊಂಡಿದೆ. ನಿದ್ದೆ ಮಾಡ್ತಿದೆ.”

“ಕಣ್ಣು ಬಿಟ್ಕೊಂಡಾ?”

“ಗಂಡ ಕೆಲಸ ಮಾಡ್ತಾನೋ ಇಲ್ವೋ ಅಂತ ನೋಡ್ಬೇಡ್ವಾ?”

ಹೀಗೆ ಆರುನೂರು ಗುಬ್ಬಿ. ಯಜಮಾನರು ನೋಡಿ, “ಹೊಸ ಮದುವೆ, ಹೋಗ್ಲಿ ಬಿಡಿ,” ಎಂದು ನಕ್ಕು ಹೋದರು. ಅಂಥದ್ದೊಂದು ಚೀಟಿಯನ್ನು ನನ್ನ ಗಂಡ ಮನೆಗೆ ತಂದು ಅವನಮ್ಮನ ಕನ್ನಡಕದ ಡಬ್ಬಿಗೆ ಅಂಟಿಸಿದ. ಅದು ಈಗಲೂ ಅಲ್ಲಿದೆ. ಕಿತ್ತುಹಾಕಲು ಹೋದೆ, ಅತ್ತೆ ಬಿಡಲಿಲ್ಲ.

ಈಗ ಎರಡು ತಿಂಗಳ ಹಿಂದಿನ ಒಂದು ಬೆಳಿಗ್ಗೆ. ಗಂಡ ಷೂ ಹಾಕಿಕೊಳ್ಳುತ್ತಿದ್ದ, ನಾನು ಊಟದ ಡಬ್ಬಿ ಮುಚ್ಚುತ್ತಿದ್ದೆ. ಅತ್ತೆ ಕಿಟಕಿಯ ಪಕ್ಕ ಪೇಪರು ಹರಡಿಕೊಂಡು ಕೂತಿದ್ದರು. ಕನ್ನಡಕವಿಲ್ಲದೆ ಅವರು ಫೋಟೊ ಮಾತ್ರ ನೋಡುತ್ತಾರೆ.

“ಅಯ್ಯೋ, ಬಾರೇ ಇಲ್ಲಿ! ನಿನ್ನ ಗುಬ್ಬಿ ಪೇಪರಲ್ಲಿ ಬಂದಿದೆ!”

“ಯಾವ ಗುಬ್ಬಿ ಅತ್ತೆ?”

“ನಿಂದೇ ಕಣೇ, ಒಂಟಿ ಕಾಲಿಂದು. ಎಷ್ಟು ದೊಡ್ಡದಾಗಿ ಹಾಕಿದಾರೆ ನೋಡು. ಏ, ಕತ್ತರಿ ತಾ, ನಿಮ್ಮಮ್ಮಂಗೆ ಕಳಿಸ್ಬೇಕು.”

ಮಾನ್ಯರೇ, ಅವರ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಸಾಯುವ ತನಕ ಮರೆಯಲಾರೆ. ಸೊಸೆ ಬರೆದ ಚಿತ್ರ ಪತ್ರಿಕೆಯಲ್ಲಿ ಬಂದಿದೆ ಎಂಬ ಹೆಮ್ಮೆ. ಕತ್ತರಿ ಹಿಡಿದುಕೊಂಡೇ ಹೋದೆ. ಫೋಟೊದಲ್ಲಿ ಕೈಗವಸು ತೊಟ್ಟ ಒಂದು ಕೈ ಇತ್ತು, ಆ ಕೈಯಲ್ಲಿ ಅರ್ಧ ಸುಟ್ಟ ಹಸಿರು ಬೋರ್ಡು, ಬೋರ್ಡಿನ ಮೂಲೆಯಲ್ಲಿ ದುಂಡು ಚೀಟಿ. ಒಂದು ಸುತ್ತು, ಒಂದು ಕೊಕ್ಕು, ಒಂದು ಕಾಲು.

“ಏನಂತ ಬರ್ದಿದಾರೆ, ಓದು ಓದು,” ಎಂದರು ಅತ್ತೆ. ಪೇಪರನ್ನು ಗಂಡನ ಕಡೆ ಚಾಚಿದೆ. ಗಂಡ ಒಂದೇ ಷೂನಲ್ಲಿ ಬಂದು ಓದಿದ. ನಮ್ಮ ಸರ್ಕಾರ ಶತ್ರು ಎಂದು ಘೋಷಿಸಿ, ಒಂದು ಮೊಳೆಯನ್ನೂ ಮಾರಕೂಡದು ಎಂದು ಪಟ್ಟಿಯಲ್ಲಿ ಬರೆದಿಟ್ಟಿರುವ ದೇಶದ ಡ್ರೋನು ಅದು. ಅದು ತನ್ನ ನೆರೆಯ ದೇಶದೊಳಗೆ ನುಗ್ಗಿ, ಅಲ್ಲಿನವರು ಸಂಕೇತ ಅಡ್ಡಗಟ್ಟಿದರೂ ದಾರಿ ತಪ್ಪದೆ, ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಮೇಲೆ ಬಿದ್ದಿತ್ತು. ಒಳಗೆ ಹೊದಿಕೆ ಮಡಚುತ್ತಿದ್ದ ಮೂವರು ಹೆಂಗಸರು ಸತ್ತಿದ್ದರು.

ಅತ್ತೆ ಕಿಟಕಿಯ ಕಡೆ ನೋಡುತ್ತ ಹೇಳಿದರು: “ಹೊದಿಕೆ ಒಬ್ಬರ ಕೈಲಿ ಮಡಚೋಕಾಗಲ್ಲ. ಇಬ್ಬರು ಎದುರುಬದುರು ಹಿಡ್ಕೊಂಡಿರ್ತಾರೆ. ಇನ್ನೊಬ್ಬಳು ಜೋಡಿಸ್ತಿದ್ಲೇನೋ.”

ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹೊದಿಕೆ ಮಡಚುವುದು ನಾನು ಮತ್ತು ಅತ್ತೆ. ಮಡಚುತ್ತ ಮಡಚುತ್ತ ಹತ್ತಿರ ಬಂದಾಗ ಅವರು ಬೇಕೆಂದೇ ತುದಿ ಎಳೆದು ನನ್ನನ್ನು ಮುಗ್ಗರಿಸುವ ಹಾಗೆ ಮಾಡಿ ನಗುತ್ತಿದ್ದರು. ಈಗಲೂ ಮಡಚುತ್ತೇವೆ. ಎಳೆಯುವುದಿಲ್ಲ.

ಅದೇ ದಿನ ಪೇಪರು ಹಿಡಿದು ಯಜಮಾನರ ಕೋಣೆಗೆ ಹೋದೆವು. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫೋಟೊವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಗುಬ್ಬಿ ಯಾರು ಬೇಕಾದ್ರೂ ಬರೀಬಹುದಮ್ಮ.”

“ಒಂಟಿ ಕಾಲಿಂದಾ ಸರ್?”

ಅವರು ಪೇಪರನ್ನು ಮಡಚಿ ಮೇಜಿನ ಮೇಲಿಟ್ಟರು. “ನೋಡು, ನಾವು ಮಾರಿದ್ದು ಬಂದರಿನವರಿಗೆ. ಅವರು ಇನ್ಯಾರಿಗೋ ದಾಟಿಸಿದ್ರೆ ನಮ್ಮ ತಪ್ಪಾ? ಸರ್ಕಾರದ ಮೊಹರಿದೆ. ಅವರೇ ತೃಪ್ತಿಕರ ಅಂದ್ಮೇಲೆ ನಾವ್ಯಾರಮ್ಮ ಅತೃಪ್ತಿ ಪಡೋಕೆ?”

ಮಾನ್ಯರೇ, ಅವರ ಈ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದೆಯೇ? ನಾನು ಸುಳ್ಳು ಬರೆದೆ, ಏಕೆಂದರೆ ಯಾರಾದರೂ ಓದಿ ತಡೆಯುತ್ತಾರೆ ಎಂದುಕೊಂಡೆ. ಅಷ್ಟೂ ಅಲ್ಲ, ಏನನ್ನೂ ಅಂದುಕೊಳ್ಳಲೇ ಇಲ್ಲ. ಅದೇ ಹೆಚ್ಚು ನಾಚಿಕೆಯದು. ಯಜಮಾನರು ಕಳಿಸಿದರು, ಏಕೆಂದರೆ ನೀವು ಮೊಹರು ಒತ್ತಿದಿರಿ. ನೀವು ಮೊಹರು ಒತ್ತಿದಿರಿ, ಏಕೆಂದರೆ ನಾನು ಬರೆದಿದ್ದೆ. ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿಕೊಂಡು ದುಂಡಗೆ ನಿಂತಿದ್ದೇವೆ. ಆ ಸುತ್ತಿನ ಹೊರಗೆ ಉಳಿದವರು ಹೊದಿಕೆ ಹಿಡಿದ ಮೂವರು ಮಾತ್ರ.

ನಾವು ಕೊಡದಿದ್ದರೆ ಇನ್ಯಾರಾದರೂ ಕೊಡುತ್ತಾರೆ ಎನ್ನುವವರಿದ್ದಾರೆ. ಕೊಡಬಹುದು. ಆಗ ಸುಟ್ಟ ಬೋರ್ಡಿನ ಮೇಲೆ ಬೇರೆಯವರ ಗುರುತು ಇರುತ್ತದೆ, ಬೇರೆ ಯಾವುದೋ ಮನೆಯಲ್ಲಿ ಯಾರೋ ಕತ್ತರಿ ಹಿಡಿದುಕೊಂಡು ನಿಲ್ಲುತ್ತಾರೆ. ನನ್ನ ಪಾಲಿನದನ್ನು ನಾನು ಕೊಡದೆ ಇರಬಹುದಿತ್ತು. ನಿಯಮ ಬಿಗಿ ಮಾಡಿದರೆ ಸಣ್ಣ ಕಂಪನಿಗಳು ಮುಚ್ಚಿಹೋಗುತ್ತವೆ ಎನ್ನುವವರೂ ಇದ್ದಾರೆ. ಅವರಿಗಾಗಿ ಇನ್ನೊಂದು ಕಡತದ ಕಥೆ ಹೇಳುತ್ತೇನೆ. ನಮ್ಮೊಂದಿಗೆ ಯಾವ ಜಗಳವೂ ಇಲ್ಲದ ಒಂದು ದೇಶದ ಅರಣ್ಯ ಇಲಾಖೆ, ಕಾಡ್ಗಿಚ್ಚು ಕಾಯಲು ಹನ್ನೆರಡೇ ಹನ್ನೆರಡು ಬೋರ್ಡು ಕೇಳಿತ್ತು. ಅವರು ಕಲಂ ಹದಿನಾಲ್ಕರಲ್ಲಿ ನಿಜ ಬರೆದರು. ಕಣಿವೆಗಳಲ್ಲಿ ಉಪಗ್ರಹದ ಸಂಕೇತ ಸಿಗುವುದಿಲ್ಲ, ಬೆಂಕಿ ದೂರದಲ್ಲಿರುತ್ತದೆ, ಆದ್ದರಿಂದ ಇಂಥ ಬೋರ್ಡೇ ಬೇಕು ಎಂದು. ನಿಮ್ಮ ಕಚೇರಿ ಅವರಿಗೆ ಹನ್ನೊಂದು ಆಕ್ಷೇಪಣೆ ಕಳಿಸಿತು. ಕಾಡಿನ ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿತು. ಐದು ತಿಂಗಳಾದ ಮೇಲೆ ಅವರು ಕೈಮುಗಿದು ಆರ್ಡರು ಹಿಂದಕ್ಕೆ ಪಡೆದರು. ಹನ್ನೆರಡು ಬೋರ್ಡಿನ ನಿಜಕ್ಕೆ ಐದು ತಿಂಗಳು, ಆರುನೂರು ಬೋರ್ಡಿನ ಸುಳ್ಳಿಗೆ ಹನ್ನೊಂದು ದಿನ! ಸಣ್ಣ ಕಂಪನಿಯ ಕತ್ತು ಹಿಸುಕುತ್ತಿರುವುದು ನಿಯಮವೋ, ಅದನ್ನು ಓದದೆ ಹಿಡಿದುಕೊಂಡು ಕೂತವರೋ?

ಹೋಗಲಿ, ನಾನೇ ಬಂದು ಒಪ್ಪಿಕೊಳ್ಳೋಣ ಎಂದು ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ಮೂರನೆಯ ಕಿಟಕಿಯ ಗುಮಾಸ್ತರು ತುಂಬ ಸೌಮ್ಯ ಮನುಷ್ಯ. ದಯವಿಟ್ಟು ಈ ಪತ್ರದಿಂದ ಅವರಿಗೆ ತೊಂದರೆ ಕೊಡಬೇಡಿ.

“ಏನ್ ಮೇಡಂ, ತಿದ್ದುಪಡಿನಾ?”

“ಹೌದು.”

“ಅಕ್ಷರ ದೋಷನಾ, ವಿಳಾಸ ಬದಲಾವಣೆನಾ?”

“ಎರಡೂ ಅಲ್ಲ. ಕಲಂ ಹದಿನಾಲ್ಕರಲ್ಲಿ ನಾನು ಬರೆದಿದ್ದು ಸುಳ್ಳು.”

ಅವರು ಫಾರಂಗಳ ಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. ತಮಾಷೆಗಲ್ಲ, ನಿಜವಾಗಿಯೂ ಹುಡುಕಿದರು. “ಸುಳ್ಳಿಗೆ ಫಾರಂ ಇಲ್ವಲ್ಲ ಮೇಡಂ. ಅಕ್ಷರ ದೋಷಕ್ಕೆ ಹಾಕ್ಕೊಳ್ಳಲಾ?”

“ಮದುವೆ ಅಂತ ಇಡೀ ಪ್ಯಾರಾ ಬರೆದಿದ್ದು ಅಕ್ಷರ ದೋಷ ಹೇಗಾಗುತ್ತೆ ಸರ್?”

“ಮದುವೆನಾ?” ಅವರ ಮುಖ ಅರಳಿತು. “ಅಯ್ಯೋ, ಅದು ಬರ್ದಿದ್ದು ನೀವೇನಾ? ನಾವೆಲ್ಲ ಓದಿದ್ವಿ ಮೇಡಂ! ಮಾದರಿಗೆ ಹಾಕ್ಬೇಕು ಅಂತ ಸಾಹೇಬರೇ ಹೇಳಿದ್ರು. ನಮ್ಮ ಸೆಕ್ಷನ್ನಲ್ಲಿ ಒಬ್ಬರು ಮಗಳ ಮದುವೆ ಕಾಗದದಲ್ಲೂ ಅದೇ ಸಾಲು ಹಾಕ್ಸಿದ್ರು. ಹುಟ್ಟಲಿರುವ ಮಕ್ಕಳಿಗೂ ಮೊಮ್ಮಕ್ಕಳಿಗೂ, ಅಲ್ವಾ?”

ಅಂದರೆ ಓದಿದ್ದೀರಿ. ಓದಲಿಲ್ಲ ಎಂದುಕೊಂಡು ಇಷ್ಟು ದಿನ ನಿಮ್ಮನ್ನು ಕ್ಷಮಿಸಿದ್ದೆ. ಎಲ್ಲರೂ ಓದಿದ್ದೀರಿ, ಖುಷಿಪಟ್ಟಿದ್ದೀರಿ, ಬಾಯಿಪಾಠ ಮಾಡಿದ್ದೀರಿ. ಯಾರೊಬ್ಬರೂ ಕೊಳ್ಳುವವರಿಗೆ ಒಂದು ಫೋನು ಮಾಡಿ, ‘ನಿಮ್ಮ ಊರಿನಲ್ಲಿ ಇಷ್ಟೊಂದು ಮದುವೆ ಯಾರದ್ದಪ್ಪ?’ ಎಂದು ಕೇಳಲಿಲ್ಲ. ಶಾಲೆಯಲ್ಲಿ ನನ್ನ ಉತ್ತರವನ್ನು ಯಾವ ಟೀಚರೂ ಮಾದರಿ ಎಂದದ್ದಿಲ್ಲ. ನೀವು ಎಂದಿರಿ. ಆ ಮರ್ಯಾದೆಯನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ ಮೆಟ್ಟಿಲಿಳಿದು ಬಂದೆ.

ಇದೆಲ್ಲ ಆದ ಮೇಲೆ ಅದೇ ಬಂದರಿನವರಿಂದ ಎರಡನೆಯ ಆರ್ಡರು ಬಂತು. ಅರ್ಜಿ ಬರೆಯುವುದಿಲ್ಲ ಎಂದೆ. ಯಜಮಾನರು ಬೈಯಲಿಲ್ಲ. “ಬೇಡ ಬಿಡು, ಏಜೆಂಟರ ಕೈಲಿ ಬರೆಸ್ತೀನಿ. ಹದಿನಾಲ್ಕು ಮನೆ ಒಲೆ ಉರೀಬೇಕಲ್ಲಮ್ಮ,” ಎಂದರು. ಅವರ ಮುಖ ನೋಡಲು ನನಗಾಗಲಿಲ್ಲ, ನನ್ನ ಮುಖ ನೋಡಲು ಅವರಿಗೂ. ಏಜೆಂಟರಿಗೆ ತಲೆ ಕೆರೆದುಕೊಳ್ಳುವ ಕಷ್ಟವೇ ಇರಲಿಲ್ಲ. ನಿಮ್ಮ ಜಾಲತಾಣದಿಂದ ಮಾದರಿ ಉತ್ತರ ಎತ್ತಿ ಅಂಟಿಸಿದರು. ಒಮ್ಮೆ ಒಪ್ಪಿಗೆ ಪಡೆದವರು ಅದೇ ಮಾಲನ್ನು ಅದೇ ಗಿರಾಕಿಗೆ ಕಳಿಸುವುದಾದರೆ ಹದಿನೈದು ಕೆಲಸದ ದಿನ ನಿಮ್ಮ ಕಡೆಯಿಂದ ಆಕ್ಷೇಪ ಬಾರದಿದ್ದರೆ ಸಾಕು, ಮಂಜೂರಾದಂತೆಯೇ. ಅದೂ ನಿಮ್ಮದೇ ನಿಯಮ. ಹದಿನೈದನೆಯ ದಿನ ಈ ಶುಕ್ರವಾರ.

ಒಂಬೈನೂರು ಬೋರ್ಡುಗಳು ನನ್ನ ಗಂಡನ ಮೇಜಿನ ಪಕ್ಕದ ಅಟ್ಟಣಿಗೆಯಲ್ಲಿವೆ. ಕಳೆದ ವಾರ ನಾನು ಅವನ ಹತ್ತಿರ ಹೋಗಿ ಪಿಸುಗುಟ್ಟಿದೆ: “ಎಲ್ಲ ಫೇಲ್ ಅಂತ ಬರೆದುಬಿಡೋ. ಒಂಬೈನೂರೂ ಫೇಲ್.”

“ಫೇಲಾಗಿಲ್ವಲ್ಲ ಗುಬ್ಬಿ. ಒಂದಕ್ಕಿಂತ ಒಂದು ಚೆನ್ನಾಗಿ ಕೆಲಸ ಮಾಡ್ತಿವೆ. ತೊಂದರೆ ಇರೋದೇ ಅಲ್ಲಿ.”

“ಒಂದು ಅಕ್ಷರ ಬರೆದ್ರೆ ಯಾರ ಗಂಟು ಹೋಗುತ್ತೆ?”

“ಒಂದು ಸುಳ್ಳು ಬರೆದಾಗಿದೆ. ಅದನ್ನ ಅಳಿಸೋಕೆ ನನ್ನ ಕೈಲಿ ಇನ್ನೊಂದು ಬರೆಸ್ತೀಯಾ?”

ಅವನು ಗದರಲಿಲ್ಲ. ಅದಕ್ಕೇ ಇನ್ನಷ್ಟು ನೋವಾಯಿತು. ಮದುವೆಯಾದ ಹೊಸತರಲ್ಲಿ ಗಂಡನ ಎದುರು ಚೆನ್ನಾಗಿ ಕಾಣಬೇಕು ಎಂದು ಯಾರಿಗಿರುವುದಿಲ್ಲ ಹೇಳಿ? ನಾನು ಇವನ ಎದುರು ಎರಡನೆಯ ಸಲ ಸುಳ್ಳಿಯಾಗಿ ನಿಂತಿದ್ದೆ. ಅವನು ಮಾಡಿದ್ದು ಇಷ್ಟೆ. ಚೀಟಿಗಳ ಸುರುಳಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ. ಪಾಸ್ ಎಂದೂ ಬರೆಯುವುದಿಲ್ಲ, ಫೇಲ್ ಎಂದೂ ಬರೆಯುವುದಿಲ್ಲ ಎಂದು ಯಜಮಾನರಿಗೆ ಹೇಳಿದ. ಗುರುತಿಲ್ಲದ ಬೋರ್ಡು ಹೊರಗೆ ಹೋಗುವಂತಿಲ್ಲ. ಆದರೆ ಚೀಟಿ ಅಂಗಡಿಯಲ್ಲೂ ಸಿಗುತ್ತದೆ, ಗುರುತು ಹಾಕಲು ಬೇರೊಂದು ಕೈಯೂ ಸಿಗುತ್ತದೆ. ಶುಕ್ರವಾರ ನಿಮ್ಮ ಮಂಜೂರಾತಿ ಬಂದರೆ ಸೋಮವಾರ ಅವನ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಅವನಿಗೂ ಅದು ಗೊತ್ತು. ನಮ್ಮಿಬ್ಬರ ಕೆಲಸ ಹೋದರೆ ಅತ್ತೆಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಅತ್ತೆಯೇ ಪೆನ್ಸಿಲು ಚೂಪು ಮಾಡಿಕೊಂಡು ಬಂದು, “ಎಲ್ಲಿ, ಕಾಗದ ತೋರಿಸು, ಒತ್ತಕ್ಷರ ನೋಡ್ತೀನಿ,” ಎಂದರು.

ಆದ್ದರಿಂದ ನಾನು ಕೇಳುವುದು ಇದು. ಶುಕ್ರವಾರ ಐದು ಗಂಟೆಗೆ ಮುಂಚೆ ಆ ಅರ್ಜಿಗೆ ಒಂದು ಆಕ್ಷೇಪಣೆ ಹಾಕಿ. ಕಾರಣ ಸಿಗದಿದ್ದರೆ ಏಜೆಂಟರ ಸಹಿ ಗೆರೆಗೆ ತಾಗಿದೆಯೇ ನೋಡಿ, ಅದೂ ಆದೀತು. ನಿಮಗೆ ಅಭ್ಯಾಸವಿರುವ ಕೆಲಸ. ಆಮೇಲೆ ಕಲಂ ಹದಿನಾಲ್ಕನ್ನು ನಿಜವಾಗಿ ಓದಿ. ಬಂದರಿನವರಿಗೆ ಫೋನು ಮಾಡಿ, ಹೋದ ಸಲದ ಆರುನೂರು ಈಗ ಎಲ್ಲಿವೆ, ಒಂದಾದರೂ ಮದುವೆಯ ವಿಡಿಯೊ ತೋರಿಸಿ ಎಂದು ಕೇಳಿ. ಒಮ್ಮೆ ಒಪ್ಪಿದ್ದೇವೆ ಎಂಬುದೇ ಮತ್ತೊಮ್ಮೆ ಒಪ್ಪಲು ಕಾರಣವಾಗುವ ಆ ಹದಿನೈದು ದಿನದ ನಿಯಮವನ್ನು, ಕನಿಷ್ಠ ಇಂಥ ಬೋರ್ಡುಗಳ ಮಟ್ಟಿಗಾದರೂ ತೆಗೆದುಹಾಕಿ. ಕಾಡಿನವರ ಹನ್ನೆರಡು ಬೋರ್ಡಿನ ಕಡತವನ್ನು ಮತ್ತೆ ತೆರೆದು ಅವರನ್ನು ಕರೆಯಿರಿ. ನಮ್ಮ ಒಲೆಗಳಿಗೆ ಅಂಥ ಆರ್ಡರುಗಳು ಬೇಕು. ಸುಳ್ಳಿಗೂ ಒಂದು ಫಾರಂ ಮಾಡಿಸಿ. ಮೂರನೆಯ ಕಿಟಕಿಯಲ್ಲಿ ಇಡಿ, ಮೊದಲ ಪ್ರತಿಯನ್ನು ನಾನೇ ಬಂದು ತುಂಬುತ್ತೇನೆ, ಅದಕ್ಕೆ ಏನು ಶಿಕ್ಷೆಯೋ ಅದನ್ನೂ ತೆಗೆದುಕೊಳ್ಳುತ್ತೇನೆ.

ಮತ್ತು ನನ್ನ ಆ ಪ್ಯಾರಾವನ್ನು ಜಾಲತಾಣದಿಂದ ಇವತ್ತೇ ಕಿತ್ತುಹಾಕಿ. ಮಾದರಿ ಉತ್ತರವೊಂದು ಬೇಕೇ ಬೇಕು ಎಂದಾದರೆ ಆ ಜಾಗದಲ್ಲಿ ಇದನ್ನು ಹಾಕಿ. ಕಲಂ ಹದಿನಾಲ್ಕು, ಆರುನೂರು ಬೋರ್ಡು, ಯಾತಕ್ಕೆ? ಗೊತ್ತಿಲ್ಲ. ಕೊಳ್ಳುವವರು ಹೇಳಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ.

ಇಂತಿ, ತಲೆ ತಗ್ಗಿಸಿಕೊಂಡು,
ನಿಮ್ಮ ಮಾದರಿ ಉತ್ತರ ಬರೆದವಳು

ನಿಮ್ಮ ಪ್ರತಿಯಲ್ಲಿರುವ ಸಹಿ ನನ್ನ ಹಳೆಯದು, ಬಳ್ಳಿ ಇಲ್ಲದ್ದು. ಯಾವ ಗೆರೆಗೂ ತಾಗಿಲ್ಲ. ಅಳತೆಪಟ್ಟಿ ಇಟ್ಟು ನೋಡಿದ್ದೇನೆ.